ಚಿಯರ್‌ಲೀಡಿಂಗ್‌ಗೆ ಪ್ರವಾಸಿ ವೀಸಾ ಸಾಲದು

ಮಾನ್ಯರೇ,

ಅಮೆರಿಕದ ಚಿಯರ್‌ಲೀಡಿಂಗ್ (ಜಿಮ್ನಾಸ್ಟಿಕ್ಸ್, ಕುಣಿತ ಬೆರೆತ ಗುಂಪು ಕ್ರೀಡೆ) ತಂಡ ಸೇರಬಯಸುವ ನಮ್ಮೂರ ಜಿಮ್ನಾಸ್ಟಿಕ್ಸ್ ಮಕ್ಕಳು, ಹೆತ್ತವರು ಆಯ್ಕೆಗೂ ಮುಂಚೆ ವೀಸಾ ವಿಚಾರ ತಿಳಿದುಕೊಳ್ಳಬೇಕು. ಪಿ-1 ವೀಸಾ ಅಂತರರಾಷ್ಟ್ರೀಯ ಮನ್ನಣೆ ಪಡೆದ ಕ್ರೀಡಾಪಟುಗಳಂಥವರಿಗೆ. ಅದಕ್ಕೆ ಅಲ್ಲಿನ ಉದ್ಯೋಗದಾತರೋ ಏಜೆಂಟರೋ ಅರ್ಜಿ ಹಾಕಬೇಕು. ಆಲ್‌ಸ್ಟಾರ್ ಕ್ಲಬ್‌ಗಳಲ್ಲಿ (ಶಾಲೆ-ಕಾಲೇಜಿಗೆ ಸೇರದ ಖಾಸಗಿ ತಂಡಗಳಲ್ಲಿ) ಉದ್ಯೋಗದಾತರಿರದೆ ಆಟಗಾರರೇ ಶುಲ್ಕ ಕಟ್ಟುವುದರಿಂದ ಆ ದಾರಿ ಬಹುಪಾಲು ಮುಚ್ಚಿದಂತೆಯೇ. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳಷ್ಟೇ ವಾಸ; ಬೇಸಿಗೆಯ ಆಯ್ಕೆಯಿಂದ ಮರುವರ್ಷದ ಏಪ್ರಿಲ್ ಸ್ಪರ್ಧೆಯವರೆಗೆ ಅದು ಸಾಲದು.

ಉಳಿಯುವುದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಅದಕ್ಕೆ ಬೇಕಾದದ್ದು ಕಾಲೇಜು ಪ್ರವೇಶ, ಕಾಲೇಜು ಕೊಡುವ ಐ-20 ಪತ್ರ, 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ವ್ಯವಸ್ಥೆ) ಶುಲ್ಕ, ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿ, 185 ಡಾಲರ್ ವೀಸಾ ಶುಲ್ಕ, ಬಳಿಕ ಸಂದರ್ಶನ. ಅಲ್ಲಿ ಬರೀ ತಂಡದ ಮಾತಾಡಿದರೆ ಓದು ನೆಪವೆಂಬ ಅನುಮಾನ ಹುಟ್ಟಿ ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಅಡಿ ವೀಸಾ ನಿರಾಕರಣೆಯಾಗಬಹುದು. ಹೊಸಬರಿಗೆ ಕೋರ್ಸ್ ಆರಂಭಕ್ಕೆ 30 ದಿನಕ್ಕಿಂತ ಮೊದಲು ಅಮೆರಿಕದೊಳಗೆ ಪ್ರವೇಶವಿಲ್ಲ. ತಂಡದ ಶಿಬಿರ ಅದಕ್ಕೂ ಮುಂಚೆ ಇದ್ದರೆ ಕೋಚ್‌ಗೆ ಮೊದಲೇ ತಿಳಿಸಬೇಕು. ಪದವಿ ವಿದ್ಯಾರ್ಥಿಗಳು ಅನುಮತಿಯಿಲ್ಲದೆ ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ವಾಸದ ಹಕ್ಕಿಗೇ ಕುತ್ತು. ಹೊರಗಿನ ಜಿಮ್‌ನಲ್ಲಿ ಹಣ ಪಡೆದು ಚಿಕ್ಕಮಕ್ಕಳಿಗೆ ಕಲಿಸುವುದೂ ಅನುಮತಿ ಇಲ್ಲದಿದ್ದರೆ ಉಲ್ಲಂಘನೆಯೇ. ಮಕ್ಕಳು ಎಡವುವುದು ಹೆಚ್ಚಾಗಿ ಇಂಥಲ್ಲೇ.

ಮೈಸೂರು ವಿಶ್ವವಿದ್ಯಾನಿಲಯವು ಕ್ರೀಡಾ ವಿದ್ಯಾರ್ಥಿಗಳಿಗೆ ಈ ಕುರಿತು ಮಾಹಿತಿ ಶಿಬಿರ ನಡೆಸಲಿ.

– ಕ್ರೀಡಾ ತರಬೇತುದಾರರು, ಕುವೆಂಪುನಗರ, ಮೈಸೂರು