ಕೇಲಾಂಗಿನ ಚಳಿಗೆ ಮುನ್ನ: ಜಿಪ್ಸಿಯ ಎರಡನೇ ಲಿವರ್ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಆಫೀಸಿನ ಹಳೇ ಮಾರುತಿ ಜಿಪ್ಸಿ ಈ ಚಳಿಗಾಲ ನಿನ್ನ ಪಾಲಿಗೆ ಬಂದಿದೆ ಅಂದೆ. ಗಾಡಿ ಒಳ್ಳೆಯದು. 1.3 ಲೀಟರ್ ಪೆಟ್ರೋಲ್ ಎಂಜಿನ್, ಹೆಚ್ಚೂಕಡಿಮೆ ಒಂದು ಟನ್ ತೂಕ, ಕೈಯಿಂದ ಹಾಕುವ ಫೋರ್‌ವ್ಹೀಲ್. ಎಬಿಎಸ್ ಇಲ್ಲ, ಜಾರಿದರೆ ತಾನೇ ಸರಿಪಡಿಸಿಕೊಳ್ಳುವ ಎಲೆಕ್ಟ್ರಾನಿಕ್ಸ್ ಇಲ್ಲ. ಎಲ್ಲ ತೀರ್ಮಾನವೂ ನಿನ್ನದೇ. ಮಲೆನಾಡಿನ ಕೆಸರಲ್ಲಿ ಜೀಪು ಓಡಿಸಿ ಪಳಗಿದವಳು ನೀನು, ಆದರೆ ಆ ಅಭ್ಯಾಸಗಳಲ್ಲಿ ಒಂದೆರಡನ್ನು ಕೇಲಾಂಗ್ ಇರುವ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬಿಡಲೇಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ ಅಂತ ಬರೆದು ಕಳಿಸ್ತಿದ್ದೀನಿ.

ಗೇರಿನ ಪಕ್ಕ ಇರುವ ಎರಡನೇ ಲಿವರ್, ಅಂದರೆ ಫೋರ್‌ವ್ಹೀಲ್ ಹಾಕುವ ಲಿವರ್ ಮುಟ್ಟುವ ಮೊದಲು ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ಹಬ್ (ಚಕ್ರದ ನಟ್ಟನಡುವಿನ ಭಾಗ) ನೋಡು. ಬೆರಳಲ್ಲಿ ತಿರುಗಿಸುವ ಗುಂಡಿ ಇದ್ದರೆ ಅದರಲ್ಲಿ ಫ್ರೀ, ಲಾಕ್ ಅಂತ ಎರಡು ಗುರುತು ಇರುತ್ತೆ. ಫ್ರೀ ಇದ್ದಾಗ ಚಕ್ರ ತನ್ನ ಪಾಡಿಗೆ ಉರುಳುತ್ತೆ, ಒಳಗಿನ ಆಕ್ಸಲ್ ಶಾಫ್ಟಿಗೂ ಅದಕ್ಕೂ ಸಂಬಂಧ ಇರಲ್ಲ. ಆಗ ನೀನು ಲಿವರನ್ನು ಫೋರ್‌ವ್ಹೀಲಿಗೆ, ಅಂದರೆ 4ಎಚ್‌ಗೆ ಹಾಕಿದರೂ ಡ್ಯಾಶ್‌ಬೋರ್ಡಿನ ದೀಪವೇನೋ ಹತ್ತುತ್ತೆ, ಮುಂದಿನ ಚಕ್ರಕ್ಕೆ ಮಾತ್ರ ಏನೂ ತಲುಪಲ್ಲ. ಆ ದೀಪಕ್ಕೆ ಗೊತ್ತಿರೋದು ಲಿವರ್ ಎಲ್ಲಿದೆ ಅನ್ನೋದಷ್ಟೇ. ಒಂದು ಹಬ್ ಲಾಕ್ ಆಗಿ ಇನ್ನೊಂದು ಫ್ರೀ ಉಳಿದರೂ ಅದೇ ಗತಿ. ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ, ಡಿಫರೆನ್ಷಿಯಲ್, ಯಾವಾಗಲೂ ತಡೆ ಕಡಿಮೆ ಇರುವ ಕಡೆಯನ್ನೇ ತಿರುಗಿಸುತ್ತೆ. ಫ್ರೀ ಇರುವ ಕಡೆಯ ಶಾಫ್ಟ್ ಸುಮ್ಮನೆ ಸುತ್ತುತ್ತೆ, ಲಾಕ್ ಆದ ಚಕ್ರಕ್ಕೂ ಎಳೆತ ಸಿಗಲ್ಲ.

ನವೆಂಬರಿನಲ್ಲಿ ಎರಡನ್ನೂ ಲಾಕ್ ಮಾಡಿ ಮಾರ್ಚ್ ಮುಗಿಯುವ ತನಕ ಹಾಗೇ ಬಿಡು ಅಂತ ನನ್ನ ಅಭಿಪ್ರಾಯ. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತೆ, ಕುಡಿಯಲಿ. ಹಿಮದಲ್ಲಿ ಮಂಡಿಯೂರಿ, ಹೆಪ್ಪುಗಟ್ಟಿದ ಗುಂಡಿ ತಿರುಗಿಸೋ ಕಷ್ಟ ತಪ್ಪುತ್ತೆ. ಗಟ್ಟಿಯಾಗಿದ್ದರೆ ಇಕ್ಕಳ ಹಾಕಬೇಡ, ಗುಂಡಿ ಮುರಿದುಹೋಗುತ್ತೆ. ಬಿಸಿನೀರೂ ಸುರಿಯಬೇಡ, ಆ ನೀರು ಒಳಗಿಳಿದು ರಾತ್ರಿ ಮತ್ತೆ ಮಂಜುಗಡ್ಡೆಯಾಗುತ್ತೆ. ಹಬ್ ಬಿಚ್ಚಿ ಒರೆಸಿ, ರಬ್ಬರ್ ಓ-ರಿಂಗ್ ಹೊಸದು ಹಾಕಿಸು. ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಮೆಕ್ಯಾನಿಕ್‌ಗಳು ಧಾರಾಳವಾಗಿ ತುಂಬಿಬಿಡುತ್ತಾರೆ, ಚಳಿಗೆ ಅದು ಗಟ್ಟಿಯಾಗಿ ಹಬ್ ಕಚ್ಚಿಕೊಳ್ಳೋದೇ ಇಲ್ಲ.

ನಾಲ್ಕೂ ಚಕ್ರ ನಿಜವಾಗಿ ಜೋಡಿಯಾಗಿವೆಯಾ ಅಂತ ನೋಡೋಕೆ ಒಂದು ಜಾಕ್ ಸಾಕು. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸು. ಎರಡೂ ಹಬ್ ಲಾಕ್ ಮಾಡಿ, ಒಂದೆರಡು ಅಡಿ ಹಿಂದೆ ಮುಂದೆ ಉರುಳಿಸಿ ಕಚ್ಚಿಸಿಕೋ. ಲಿವರ್ 4ಎಚ್‌ಗೆ ಹಾಕಿ ಎಂಜಿನ್ ಆಫ್ ಮಾಡು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡು. ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸು. ಗೇರುಗಳ ಸಂದಿನಷ್ಟು ಅಲ್ಲಾಡಿ ಅದು ನಿಂತುಬಿಡಬೇಕು. ಸಲೀಸಾಗಿ ಸುತ್ತಿದರೆ ಎಲ್ಲೋ ಜೋಡಣೆ ಬಿಟ್ಟಿದೆ. ಎತ್ತಿದ ಚಕ್ರದ ಹಬ್ಬೇ ಇರಬಹುದು, ಎದುರಿನ ಚಕ್ರದ್ದೂ ಇರಬಹುದು, ಇಲ್ಲವೇ ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸಿನೊಳಗೆ ಗೇರು ಪೂರ್ತಿ ಕೂತಿರಲಿಕ್ಕಿಲ್ಲ. ಸುತ್ತುವಾಗ ಆ ಪೆಟ್ಟಿಗೆಯಿಂದ ಮುಂದಿನ ಆಕ್ಸಲ್‌ಗೆ ಹೋಗುವ ಉದ್ದ ಕೊಳವೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ನೋಡು. ಅದೂ ತಿರುಗುತ್ತಿದ್ದರೆ ತಪ್ಪು ಟ್ರಾನ್ಸ್‌ಫರ್ ಕೇಸಿನದು, ಅದು ನಿಂತೇ ಇದ್ದರೆ ಹಬ್ಬಿನದು. ಜಾಕ್ ಮೇಲಿರುವಾಗ ಗಾಡಿ ಕೆಳಗೆ ತಲೆ ಹಾಕಬೇಡ, ಪಕ್ಕದಿಂದ ಬಗ್ಗಿ ಟಾರ್ಚ್ ಬಿಟ್ಟರೆ ಕಾಣುತ್ತೆ.

ಈಗ ಲಿವರ್ ವಿಷಯ. 2ಎಚ್ (ಹಿಂದಿನ ಎರಡೇ ಚಕ್ರಕ್ಕೆ ಎಳೆತ), 4ಎಚ್ (ನಾಲ್ಕಕ್ಕೂ), ಎನ್ (ನ್ಯೂಟ್ರಲ್), 4ಎಲ್ (ನಾಲ್ಕಕ್ಕೂ, ನಿಧಾನ ವೇಗದಲ್ಲಿ). ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. 4ಎಚ್ ಹಾಕಿದೆ ಅಂದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗುತ್ತವೆ. ಹಿಮದಲ್ಲಿ ಟೈರು ಒಂಚೂರು ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಒಣ ಡಾಂಬರಿನಲ್ಲಿ ಜಾರೋಕೆ ಜಾಗ ಇಲ್ಲದೆ ಶಾಫ್ಟುಗಳೇ ತಿರುಚಿಕೊಳ್ಳುತ್ತವೆ. ಸ್ಟೀರಿಂಗ್ ಭಾರವಾಗುತ್ತೆ, ಟೈರು ಉಜ್ಜುತ್ತೆ, ಕೊನೆಗೆ ಲಿವರ್ 4ಎಚ್‌ನಲ್ಲೇ ಸಿಕ್ಕಿಕೊಳ್ಳುತ್ತೆ. ಹಾಗಾದಾಗ ಲಿವರನ್ನು ಗುದ್ದಬೇಡ. ನೇರವಾಗಿ ಐದಾರು ಮೀಟರ್ ರಿವರ್ಸ್ ಹೋಗು, ತಿರುಚು ಬಿಟ್ಟು ಲಿವರ್ ತಾನಾಗೇ ಸಡಿಲವಾಗುತ್ತೆ. ನಾಲ್ಕು ಟೈರುಗಳ ಸವೆತ ಬೇರೆ ಬೇರೆ ಇದ್ದರೆ ನೇರ ರಸ್ತೆಯಲ್ಲೂ ಈ ತೊಂದರೆ ಬರುತ್ತೆ, ಆದ್ದರಿಂದ ನಾಲ್ಕೂ ಒಂದೇ ಬ್ರಾಂಡ್, ಒಂದೇ ಅಳತೆ, ಒಂದೇ ಗಾಳಿ ಇರಲಿ. ಉಷ್ಣತೆ 5-6 ಡಿಗ್ರಿ ಇಳಿದ ಹಾಗೆಲ್ಲ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತೆ. ಮನಾಲಿಯ ಮಧ್ಯಾಹ್ನದಲ್ಲಿ ತುಂಬಿಸಿದ ಗಾಳಿ ಕೇಲಾಂಗಿನ ಬೆಳಗಿಗೆ ಸಾಲದು.

ಕೇಲಾಂಗಿನಿಂದ ಮನಾಲಿಗೆ ಹೋಗುವ ನಿನ್ನ ದಾರಿಯಲ್ಲಿ ಒಣ ರಸ್ತೆಯಲ್ಲಿ 4ಎಚ್ ಬಿಡಬೇಕಾದ ಈ ಮಾತು ಅಟಲ್ ಸುರಂಗದಲ್ಲಿ ಮುಖ್ಯವಾಗುತ್ತೆ. ಸಿಸ್ಸು ಕಡೆಯಿಂದ ಹಿಮದ ಮೇಲೆ 4ಎಚ್‌ನಲ್ಲಿ ಬರುತ್ತೀಯ, ಆಮೇಲೆ 9.02 ಕಿಲೋಮೀಟರ್ ಚಾವಣಿಯ ಕೆಳಗೆ. ಬಾಯಿಯ ಹತ್ತಿರ ಗಾಡಿಗಳು ತಂದ ಹಿಮ, ನೀರು ಇರುತ್ತೆ. ಅದು ದಾಟಿ ಒಣ ರಸ್ತೆ ಸಿಕ್ಕ ಕೂಡಲೇ ಆಕ್ಸಿಲರೇಟರ್ ಬಿಟ್ಟು ನೇರವಾಗಿ ಹೋಗುತ್ತಲೇ 2ಎಚ್‌ಗೆ ಎಳೆ. ಧುಂಡಿ ಕಡೆ ಬೆಳಕು ಕಾಣುತ್ತಿದ್ದ ಹಾಗೆ, ಇನ್ನೂ ಒಳಗಿರುವಾಗಲೇ, ಮತ್ತೆ 4ಎಚ್. ಹೊರಗೆ ಬಂದ ಮೇಲೆ ನೋಡೋಣ ಅನ್ನಬೇಡ. ಅಲ್ಲಿಂದ ಸೋಲಂಗ್ ತನಕ ಇಳಿಜಾರು, ಹಗಲು ಕರಗಿದ ನೀರು ಸಂಜೆ ನೆರಳಲ್ಲಿ ಹೆಪ್ಪುಗಟ್ಟಿ ಬರೀ ಒದ್ದೆ ಡಾಂಬರಿನ ಹಾಗೆ ಕಾಣುತ್ತೆ. ಬ್ಲ್ಯಾಕ್ ಐಸ್ ಅನ್ನೋದು ಅದನ್ನೇ.

ಹಬ್ ಲಾಕ್ ಇದ್ದರೆ 2ಎಚ್‌ನಿಂದ 4ಎಚ್‌ಗೆ ಓಡುತ್ತಲೇ ಹಾಕಬಹುದು, ಯಾಕಂದರೆ ಮುಂದಿನ ಶಾಫ್ಟ್ ಆಗಲೇ ತಿರುಗುತ್ತಿರುತ್ತೆ. ವೇಗ ಇಳಿಸು, ಚಕ್ರ ನೇರ ಇರಲಿ, ಕ್ಲಚ್ ಒತ್ತಿ ಒಂದೇ ಸಲ ಗಟ್ಟಿಯಾಗಿ ಹಾಕು. ಹಿಂದಿನ ಚಕ್ರ ಜಾರಿ ಸುತ್ತುತ್ತಿರುವಾಗ ಮಾತ್ರ ಹಾಕಲೇಬೇಡ. ಹಿಂದಿನ ಶಾಫ್ಟಿನ ವೇಗ ಬೇರೆ, ಮುಂದಿನದು ಬೇರೆ, ಹಲ್ಲುಗಳು ಕಿತ್ತುಹೋಗುತ್ತವೆ. ಬೆಳಗಿನ ಚಳಿಗೆ ಗೇರ್ ಆಯಿಲ್ ಗಟ್ಟಿಯಾಗಿ ಲಿವರ್ ಬಿಗಿಯಾಗಿರುತ್ತೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡಕ್ಕೂ ಚಳಿಯಲ್ಲೂ ಹರಿಯುವ 75ಡಬ್ಲ್ಯೂ-90 ಗೇರ್ ಆಯಿಲ್ ಹಾಕಿಸು, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋಗು.

4ಎಲ್‌ಗೆ ಗಾಡಿ ಪೂರ್ತಿ ನಿಲ್ಲಬೇಕು. ಫುಟ್‌ಬ್ರೇಕ್ ಒತ್ತಿಹಿಡಿ, ಕ್ಲಚ್ ಪೂರ್ತಿ ಒಳಗೆ, ಎನ್ ದಾಟಿಸಿ ನಿಲ್ಲಿಸದೆ ಹಾಕು. ಹಲ್ಲು ಕೂಡದಿದ್ದರೆ ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿ ಹಾಕು. ಎನ್‌ನಲ್ಲಿ ಬ್ರೇಕಿನಿಂದ ಕಾಲು ತೆಗೆಯಬೇಡ. ಅಲ್ಲಿ ನೀನು ಫಸ್ಟ್ ಗೇರ್ ಹಾಕಿದ್ದರೂ ಎಂಜಿನ್ನಿಗೂ ಚಕ್ರಕ್ಕೂ ಸಂಪರ್ಕ ಇಲ್ಲ, ಇಳಿಜಾರಿದ್ದರೆ ಗಾಡಿ ಹೊರಟುಬಿಡುತ್ತೆ.

4ಎಲ್‌ನಲ್ಲಿ ವೇಗ 4ಎಚ್‌ಗಿಂತ 1.6 ಪಟ್ಟು ಕಡಿಮೆ, ಎಳೆತ ಅಷ್ಟೇ ಹೆಚ್ಚು. ಆಳದ ಹಿಮದಲ್ಲಿ ಏರೋಕೆ, ಕಡಿದಾದ ಇಳಿಜಾರಿಗೆ ಸರಿ. ಬರೀ ಮಂಜುಗಡ್ಡೆಯ ಮೇಲೆ ಆ ಎಳೆತವೇ ಶತ್ರು. ಇಲ್ಲೇ ಕೆಸರಿನ ಅಭ್ಯಾಸ ಬಿಡಬೇಕಾದ್ದು. ಕೆಸರಲ್ಲಿ ಚಕ್ರ ಸ್ವಲ್ಪ ಸುತ್ತಿಸಿದರೆ ಟೈರಿನ ಪಟ್ಟಿಗಳಲ್ಲಿ ತುಂಬಿದ ಮಣ್ಣು ಹಾರಿ ಹಿಡಿತ ಬರುತ್ತೆ. ಮಂಜುಗಡ್ಡೆಯಲ್ಲಿ ಸುತ್ತಿಸಿದರೆ ಕೆಳಗೆ ನೀರಿನ ಪೊರೆ ಹುಟ್ಟಿ ಗಡ್ಡೆ ಇನ್ನಷ್ಟು ನುಣುಪಾಗುತ್ತೆ. 4ಎಚ್, ಸೆಕೆಂಡ್ ಗೇರ್, ಕ್ಲಚ್ ನಿಧಾನವಾಗಿ ಬಿಟ್ಟು ಹೊರಡು. ಸುತ್ತಿತು ಅನ್ನಿಸಿದ ಕ್ಷಣವೇ ಕಾಲು ತೆಗೆ.

ಫೋರ್‌ವ್ಹೀಲ್ ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲೋಕೆ ಅಲ್ಲ. ನಾಲ್ಕೂ ಚಕ್ರಕ್ಕೆ ಬ್ರೇಕು ಆಲ್ಟೊಗೂ ಇದೆ. ಇಳಿಯುವಾಗ ಗೇರಿನಲ್ಲೇ ಹಿಡಿದು ಬಾ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸು. 4ಎಲ್ ಫಸ್ಟಿನಲ್ಲಿ ಇಳಿಯುವಾಗ ಎಂಜಿನ್ನೇ ಚಕ್ರಗಳನ್ನು ಹಿಡಿದು ಜಾರಿಸಿದರೆ ಒಂದಿಷ್ಟೇ ಆಕ್ಸಿಲರೇಟರ್ ಕೊಡು. ಜಿಪ್ಸಿಯ ವ್ಹೀಲ್‌ಬೇಸ್ 2,375 ಮಿಲಿಮೀಟರ್ ಮಾತ್ರ, ಹಿಂಭಾಗ ಹಗುರ, ಬಾಲ ಬೇಗ ತಿರುಗುತ್ತೆ. ಎರಡು ಚೀಲ ಮರಳು ಹಿಂದೆ ಕೆಳಗಿಟ್ಟು ಕಟ್ಟು, ತೂಕಕ್ಕೂ ಆಯಿತು, ಸಿಕ್ಕಿಕೊಂಡಾಗ ಚಕ್ರದ ಕೆಳಗೆ ಸುರಿಯೋಕೂ ಆಯಿತು. ಹಿಮದಲ್ಲಿ ಟೈರಿಗೆ ಸುತ್ತುವ ಚೈನ್ ನಾಲ್ಕಕ್ಕೂ ತಗೋ. ಮುಂದೆ ಮಾತ್ರ ಹಾಕಿದರೆ ಇಳಿಜಾರಲ್ಲಿ ಬಾಲ ಹೊರಳುತ್ತೆ, ಹಿಂದೆ ಮಾತ್ರ ಹಾಕಿದರೆ ಸ್ಟೀರಿಂಗ್ ಕೇಳಲ್ಲ.

ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡ. ಒದ್ದೆ ಕೇಬಲ್ ಹೆಪ್ಪುಗಟ್ಟಿದರೆ ಬೆಳಗ್ಗೆ ಬಿಡಲ್ಲ. ಸಮತಟ್ಟು ಜಾಗದಲ್ಲಿ 4ಎಲ್, ಫಸ್ಟ್ ಗೇರ್, ಚಕ್ರಕ್ಕೆ ಕಲ್ಲು. ಬೆಳಗ್ಗೆ ಎಂಜಿನ್ ಶುರು ಮಾಡುವ ಮೊದಲು ಸೈಲೆನ್ಸರ್ ಕೊಳವೆಯ ಬಾಯಿಂದ ಹಿಮ ತೆಗೆ. ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಗಾಡಿಯೊಳಗೇ ಬರುತ್ತೆ, ಅದಕ್ಕೆ ವಾಸನೆ ಇಲ್ಲ. ದಾರಿಯಲ್ಲಿ ಸಿಕ್ಕಿಕೊಂಡು ಹೀಟರಿಗೋಸ್ಕರ ಎಂಜಿನ್ ಓಡಿಸಿಕೊಂಡು ಕೂರಬೇಕಾದರೂ ಆಗಾಗ ಇಳಿದು ಅದನ್ನು ನೋಡಿ ಬಾ, ಒಂದು ಕಿಟಕಿ ಬೆರಳಷ್ಟು ತೆರೆದಿರಲಿ.

ಭಾನುವಾರ ಜಾಕ್ ಹಾಕಿ ನೋಡಿದ ಮೇಲೆ ಫೋನ್ ಮಾಡು. ಚಕ್ರ ಸುತ್ತಿತು ಅಂದರೆ ಯಾವ ಕಡೆಯದು, ಶಾಫ್ಟ್ ತಿರುಗಿತಾ ಇಲ್ಲವಾ, ಎರಡನ್ನೂ ಬರೆದಿಟ್ಟುಕೋ.

ಇಂತಿ,
ನಿನ್ನ ಅಮ್ಮ