ಹತ್ತನೇ ಪದಕ ಬೆಂಚಿನಿಂದ ಬಂತು ಕಣಮ್ಮ

ಪ್ರೀತಿಯ ಹುಡುಗಿ,

ಐರ್ಲೆಂಡಿನ ಕೋಲು-ಚೆಂಡಿನ ಆಟ ಹರ್ಲಿಂಗ್‌ನಲ್ಲಿ ಕಿಲ್ಕೆನಿ ತಂಡಕ್ಕೆ ಆಡುತ್ತಿದ್ದ ಹೆನ್ರಿ ಶೆಫ್ಲಿನ್ ಬಗ್ಗೆ ನೀನು ಬರೆದ ಲೇಖನ ಓದಿದೆ. ಎಲ್ಲಿಗೆ ಕಳಿಸಿದರೂ ವಾಪಸ್ ಬರುತ್ತಿದೆ, ಇನ್ನು ಬರೆಯೋದೇ ಬೇಡ ಅನಿಸುತ್ತಿದೆ ಅಂತ ಗೋಳಾಡಿದ್ದೀಯ. ಎಷ್ಟು ಪದ ಇರಬೇಕು, ಪ್ಯಾರಾ ಎಲ್ಲಿ ಒಡೆಯಬೇಕು ಅಂತಲೂ ಕೇಳಿದ್ದೀಯ. ಅದೆಲ್ಲ ಆಮೇಲೆ ಆಗುತ್ತೆ ಬಿಡು. ನನ್ನ ತಕರಾರು ಒಂದೇ: ಹೊಗಳಿದ್ದು ಜಾಸ್ತಿಯಾಯಿತು.

ಶುರುವಿನಲ್ಲೇ "ಹರ್ಲಿಂಗ್ ಲೋಕದ ಚಕ್ರವರ್ತಿ". ಆಮೇಲೆ "ದಂತಕಥೆ", ಅದಾದ ಮೇಲೆ "ಸಾಟಿಯಿಲ್ಲದ". ಅಲ್ಲಿನ ಅಭಿಮಾನಿಗಳು ಕಿಂಗ್ ಹೆನ್ರಿ ಅಂತ ಕೂಗಲಿ, ಟಿಕೆಟ್‌ಗೆ ದುಡ್ಡು ಕೊಟ್ಟು ಬಂದವರು. ನಿನಗೇನು ಬಂತು? ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಆಲ್ ಐರ್ಲೆಂಡ್‌ನ 10 ಪದಕ, ವರ್ಷದ ಅತ್ಯುತ್ತಮ ಹದಿನೈದು ಜನರಿಗೆ ಕೊಡುವ ಆಲ್ ಸ್ಟಾರ್ 11 ಸಲ, 2002, 2006, 2012ರಲ್ಲಿ ವರ್ಷದ ಆಟಗಾರ. ಎಲ್ಲ ಸರಿಯಾಗೇ ಇದೆ. ಅಭಿನಂದನ ಗ್ರಂಥದಲ್ಲೂ ಎಲ್ಲ ಸರಿಯಾಗೇ ಇರುತ್ತೆ, ಆದರೆ ಓದುವವರು ಯಾರು?

ಹತ್ತನೇ ಪದಕ ಹೇಗೆ ಬಂತು ಅಂತ ಯಾಕೆ ಬರೆಯಲಿಲ್ಲ? 2014, ಅವನಿಗೆ 35 ವರ್ಷ. ಟಿಪರರಿ ತಂಡದ ಜೊತೆ ಫೈನಲ್ ಸಮವಾಗಿ, ಮತ್ತೆ ಆಡಬೇಕಾಯಿತು. ಕೋಚ್ ಬ್ರಯನ್ ಕೋಡಿ ಅವನನ್ನು ಮೊದಲ ಹದಿನೈದರಲ್ಲಿ ಇಳಿಸಲೇ ಇಲ್ಲ. ವರ್ಷಗಟ್ಟಲೆ ಎದುರಾಳಿಯ ತಪ್ಪಿಗೆ ತಂಡಕ್ಕೆ ಸಿಗುವ ಫ್ರೀಗಳನ್ನೆಲ್ಲ ಹೊಡೆದವನು ಬೆಂಚಿನ ಮೇಲೆ ಕೂತು ಕಾಯ್ದು, ಕೊನೆಗೆ ಬದಲಿ ಆಟಗಾರನಾಗಿ ಒಳಗೆ ಬಂದ. ಮುಂದಿನ ಮಾರ್ಚ್‌ನಲ್ಲಿ ನಿವೃತ್ತಿ. ಇದನ್ನು ಬಿಟ್ಟು "ಹತ್ತು ಪದಕಗಳ ಸರದಾರ" ಅಂತ ಬರೆದರೆ ನನಗೆ ಸಿಟ್ಟು ಬರಲ್ವಾ?

2012ರ ಫೈನಲ್ ನೋಡು. ಎದುರಿಗೆ ಗಾಲ್ವೇ ತಂಡ. ಆಟ ಮುಗಿಯುತ್ತಾ ಬಂದಿದೆ, ಸ್ಕೋರ್ ಸಮ, ಕಿಲ್ಕೆನಿಗೆ ಪೆನಾಲ್ಟಿ. ಬಲೆಯೊಳಗೆ ಹೋದರೆ ಮೂರು ಪಾಯಿಂಟ್, ಅಡ್ಡಪಟ್ಟಿಯ ಮೇಲೆ ಹಾರಿಸಿದರೆ ಒಂದು. ಆಗಿನ ನಿಯಮದಲ್ಲಿ ಗೋಲಿನ ಗೆರೆಯ ಮೇಲೆ ಮೂರು ಜನ ನಿಲ್ಲುತ್ತಿದ್ದರು. ಶೆಫ್ಲಿನ್ ಒಂದನ್ನೇ ತೆಗೆದುಕೊಂಡ. ಇಂಜುರಿ ಟೈಮಿನಲ್ಲಿ ಗಾಲ್ವೇಯ ಜೋ ಕ್ಯಾನಿಂಗ್ ಒಂದು ಫ್ರೀ ಹೊಡೆದು ಮತ್ತೆ ಸಮ ಮಾಡಿಬಿಟ್ಟ. ಶೆಫ್ಲಿನ್ ಮಾಡಿದ್ದು ಜಾಣತನವಾ, ಅಳುಕಾ? ಮರುಪಂದ್ಯ ಗೆದ್ದರು, ಒಂಬತ್ತನೇ ಪದಕ ಬಂತು, ಹಾಗಾಗಿ ಆ ಪ್ರಶ್ನೆ ತಣ್ಣಗಾಯಿತು. ನೀನಾದರೂ ಕೇಳಬೇಕಿತ್ತು. ನೀನೋ "ಅಮೋಘ" ಅಂತ ಬರೆದು ಮುಂದೆ ಹೋಗಿದ್ದೀಯ.

ನನಗೆ ಈ ವಿಷಯದಲ್ಲಿ ಹಳೇ ಹೊಟ್ಟೆಯುರಿ ಇದೆ. ಒಬ್ಬ ಪೈಲ್ವಾನರ ಬಗ್ಗೆ ನಾನು ಬರೆದಿದ್ದ ಲೇಖನದಲ್ಲಿ ಅವರು ಸೋತ ಕುಸ್ತಿಗಳನ್ನೆಲ್ಲ ಸಂಪಾದಕರು ಕತ್ತರಿಸಿ, ಆ ಜಾಗಕ್ಕೆ "ಕರುನಾಡ ಹೆಮ್ಮೆ" ಸೇರಿಸಿ, ನನ್ನ ಹೆಸರು ಹಾಕಿ ಅಚ್ಚು ಮಾಡಿದರು. ಆ ಸಂಚಿಕೆ ಇವತ್ತಿಗೂ ಮನೆಯಲ್ಲಿ ಇಟ್ಟುಕೊಂಡಿಲ್ಲ.

ಹಾಗಂತ ನಿನಗೆ ಬರೆಯಲು ಬರಲ್ಲ ಅಂತಲ್ಲ. ಹರ್ಲಿ, ಅಂದರೆ ಆಟದ ಕೋಲು, ಮುರಿದ ಕೂಡಲೇ ಹೊಸದನ್ನು ಹಿಡಿದು ಮೈದಾನದೊಳಗೆ ಓಡಿ ಬರುವ ಆ ಮನುಷ್ಯನ ಬಗ್ಗೆ ಎರಡು ಸಾಲು ಬರೆದಿದ್ದೀಯಲ್ಲ, ಅವನ ಹೆಸರು ಯಾರಿಗೂ ಬೇಕಿಲ್ಲ, ಅವನಿಗೆ ಪದಕವೂ ಇಲ್ಲ, ಆದರೂ ಅವನನ್ನು ನೀನು ನೋಡಿದೆ. ಆ ಎರಡು ಸಾಲು ಇಲ್ಲದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಈಗ ಕೆಲಸ. 2010ರಲ್ಲಿ ಸೆಮಿಫೈನಲ್‌ನಲ್ಲಿ ಶೆಫ್ಲಿನ್ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಕಿಲ್ಕೆನಿ ಸತತ ಐದನೇ ಸಲ ಗೆಲ್ಲಲು ಹೊರಟಿದ್ದ ವರ್ಷ ಅದು. ಫೈನಲ್‌ಗೆ ಮುಂಚೆ ಅವನು ಓಡಬಲ್ಲನಾ ಅಂತ ನೋಡೋಕೆ, ಸುಮ್ನೆ ಒಂದು ಪ್ರಾಕ್ಟೀಸಿಗೆ, ಕಿಲ್ಕೆನಿ ಊರಿನ ಮೈದಾನ ನೋಲನ್ ಪಾರ್ಕಿಗೆ ಸಾವಿರಾರು ಜನ ಬಂದರಂತೆ. ಫೈನಲ್‌ಗೆ ಇಳಿದ. ಮೊದಲರ್ಧ ಮುಗಿಯುವ ಎಷ್ಟೋ ಮುಂಚೆಯೇ ಹೊರಗೆ ಬಂದ. ಟಿಪರರಿ ಗೆದ್ದಿತು. ನೀನಿರುವುದು ಕಿಲ್ಕೆನಿ ಊರಲ್ಲೇ. ಆ ಸಂಜೆ ನೋಲನ್ ಪಾರ್ಕಿನಲ್ಲಿದ್ದವರು ನಿನ್ನ ಆಫೀಸಿನಲ್ಲೇ ಇರಬಹುದು. ಹೋಗಿ ಮಾತಾಡಿಸು, ಅವರಿಗೆ ಏನು ಕಾಣಿಸಿತು ಕೇಳು. ಬರೆದು ಕಳಿಸು. ಅಕ್ಷರ ಸ್ವಲ್ಪ ದೊಡ್ಡದು ಮಾಡಮ್ಮ, ಕನ್ನಡಕ ಬದಲಾಯಿಸಬೇಕು ಅಂದಿದ್ದಾರೆ ಡಾಕ್ಟರು.