36 ಅಲ್ಲ, 37: ಪುಸ್ತಕ ಬಂತು, ಎಲ್ಲರಿಗೂ ಥ್ಯಾಂಕ್ಸ್

ಪುಸ್ತಕ ಪ್ರೆಸ್ಸಿಂದ ಬಂತು. ನಿನ್ನೆ ಸಂಜೆ ಆಟೋದಲ್ಲಿ ಎರಡು ಬಾಕ್ಸ್ ತಂದು ಹಾಲಲ್ಲಿ ಇಟ್ಟಿದ್ದೀನಿ, ಹೊಸ ಪೇಪರ್ ವಾಸನೆ ಇನ್ನೂ ಮನೆ ತುಂಬಾ ಇದೆ. ರಾಹುಲ್ ದ್ರಾವಿಡ್ ಹೊಡೆದ 36 ಟೆಸ್ಟ್ ಸೆಂಚುರಿಗಳಲ್ಲಿ ಒಂದೊಂದಕ್ಕೂ ಒಂದೊಂದು ಅಧ್ಯಾಯ, 1997ರ ಜೋಹಾನ್ಸ್‌ಬರ್ಗ್‌ನ 148ರಿಂದ ಹಿಡಿದು 2011ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಹೊಡೆದ 119ರ ತನಕ, ಎಲ್ಲಾ ಕನ್ನಡದಲ್ಲಿ. ಒಂದು ವರ್ಷದಲ್ಲಿ ಮುಗಿಸ್ತೀನಿ ಅಂತ ಹೊರಟಿದ್ದು ಮೂರು ವರ್ಷ ಹಿಡೀತು. ಯಾಕೆ ಅಂತ ಇದನ್ನ ಓದ್ತಿರೋರಿಗೆಲ್ಲ ಗೊತ್ತು, ಅಪ್ಪ ಐಸಿಯು ಸೇರಿದ ವಿಷಯ ಮತ್ತೆ ಮೊದಲಿಂದ ಬರೆಯೋ ಶಕ್ತಿ ನನಗಿಲ್ಲ.

ನನ್ನ ಕೈಬರಹ ಟೈಪ್ ಮಾಡಿಕೊಟ್ಟ ಗೆಳತಿಗೆ, ಎರಡು ಸಲ ಪ್ರೂಫ್ ನೋಡಿದ ಮೇಷ್ಟ್ರಿಗೆ, ಹಳೇ ಪೇಪರ್ ಕಟಿಂಗ್ಸ್ ಹುಡುಕಿ ಕಳಿಸಿದ ಎಲ್ಲರಿಗೂ, ಆಫೀಸಲ್ಲಿ ನನ್ನ ಶಿಫ್ಟ್ ತಾವೇ ಮಾಡಿದ ಇಬ್ಬರಿಗೆ, ಆ ನಾಲ್ಕು ತಿಂಗಳು ಬೆಳಗಾದ್ರೆ ಫ್ಲಾಸ್ಕಲ್ಲಿ ಕಾಫಿ ತುಂಬಿ ಕಳಿಸ್ತಿದ್ದ ಎದುರುಮನೆ ಆಂಟಿಗೆ, ಮನಸಾರೆ ಥ್ಯಾಂಕ್ಸ್. ನಿಮ್ಮೆಲ್ಲರ ಪ್ರತಿ ತೆಗೆದಿಟ್ಟಿದ್ದೀನಿ.

ಈಗ ಚಿಕ್ಕಪ್ಪನ ವಿಷಯ.

ನಮ್ಮ ಚಿಕ್ಕಪ್ಪ ಬೆಂಗಳೂರಲ್ಲಿ ಲೀಗ್ ಮ್ಯಾಚ್‌ಗಳಿಗೆ ಸ್ಕೋರರ್ ಆಗಿದ್ದೋರು. ಕೈ ಅಭ್ಯಾಸ ತಪ್ಪಬಾರದು ಅಂತ ಟೀವಿ ಮುಂದೆ ಕೂತು ಟೆಸ್ಟ್ ಮ್ಯಾಚ್‌ಗಳನ್ನೂ ಬರೆಯೋರು. ಹಸಿರು ರಟ್ಟಿನ ಉದ್ದುದ್ದ ಪುಸ್ತಕಗಳು, ಸಣ್ಣಗೆ ಚೂಪು ಮಾಡಿದ ಪೆನ್ಸಿಲ್ಲು, ರನ್ ಬರದ ಪ್ರತಿ ಬಾಲ್‌ಗೂ ಒಂದು ಚುಕ್ಕಿ. ದ್ರಾವಿಡ್ ಆಡಿದ ದಿನ ಆ ಪುಟದಲ್ಲಿ ಚುಕ್ಕಿಗಳೇ ಜಾಸ್ತಿ. ಟೆಸ್ಟಲ್ಲಿ ಆತ ಎದುರಿಸಿದ ಬಾಲ್ 31,258, ಬೇರೆ ಯಾರೂ ಅಷ್ಟು ಬಾಲ್ ಆಡಿಲ್ಲ. ಅದರಲ್ಲಿ ಎಷ್ಟು ಚುಕ್ಕಿ ಚಿಕ್ಕಪ್ಪನ ಪೆನ್ಸಿಲ್ಲಲ್ಲಿ ಬಿದ್ದಿದ್ಯೋ ಅವರೂ ಲೆಕ್ಕ ಇಟ್ಟಿಲ್ಲ.

ಅವರಿಗೆ ದ್ರಾವಿಡ್‌ನ ಯಾರಾದ್ರೂ ‘ಗೋಡೆ’ ಅಂದ್ರೆ ಆಗಲ್ಲ. ಅದು ಹೊಗಳಿಕೆ ಅಲ್ವಾ ಚಿಕ್ಕಪ್ಪ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಗೋಡೆಗೆ ಸುಸ್ತಾಗುತ್ತಾ ಪುಟ್ಟಿ? ಭಯ ಆಗುತ್ತಾ? ಇವನಿಗೆ ಅದೆಲ್ಲಾ ಆಗ್ತಿತ್ತು, ಆದ್ರೂ ಮುಂದಿನ ಬಾಲ್ ಆಡ್ತಿದ್ದ" ಅಂದಿದ್ರು. ಆಗ ಅದು ನನಗೆ ಪೂರ್ತಿ ಅರ್ಥ ಆಗಿರ್ಲಿಲ್ಲ.

ಆ ರಾತ್ರಿ ಅಪ್ಪ ಐಸಿಯು ಒಳಗಿದ್ರು. ಬೆಳಗಿನ ತನಕ ಏನೂ ಹೇಳಕ್ಕಾಗಲ್ಲ ಅಂತ ಹೇಳಿ ಡಾಕ್ಟರ್ ಹೋಗಿದ್ರು, ಅಮ್ಮನ್ನ ಬಲವಂತ ಮಾಡಿ ಮನೆಗೆ ಕಳಿಸಿದ್ವಿ, ಬಂದಿದ್ದ ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟ್ರು, ಅವರದ್ದು ತಪ್ಪಲ್ಲ, ಎಲ್ಲರಿಗೂ ಮನೆ ಮಕ್ಕಳು ಇದ್ದಾರೆ. ಹನ್ನೊಂದು ಗಂಟೆ ಹೊತ್ತಿಗೆ ಕಾರಿಡಾರಲ್ಲಿ ನಾನು, ಚಿಕ್ಕಪ್ಪ, ಆ ಕಬ್ಬಿಣದ ಕುರ್ಚಿಗಳು ಅಷ್ಟೇ. ಚಿಕ್ಕಪ್ಪ ಅವತ್ತು ಬೆಳಿಗ್ಗೆ ನನ್ನ ಕೆಲಸಕ್ಕೆ ಬೇಕು ಅಂತ ಒಂದು ಸ್ಕೋರ್‌ಬುಕ್ ಬಟ್ಟೆ ಚೀಲದಲ್ಲಿ ಹಾಕ್ಕೊಂಡು ಮನೆಗೆ ಬಂದಿದ್ರು, ಆ ಗಡಿಬಿಡಿಯಲ್ಲಿ ಚೀಲ ಅವರ ಹೆಗಲಲ್ಲೇ ಉಳಿದುಬಿಟ್ಟಿತ್ತು.

ನಾನು ಆಗ ಅಳ್ತಾನೂ ಇರ್ಲಿಲ್ಲ, ಸುಮ್ನೆ ಆ ಬಾಗಿಲು ನೋಡ್ತಿದ್ದೆ, ಅದು ತೆಗೆದಾಗೆಲ್ಲ ಹೊಟ್ಟೆಯೊಳಗೆ ಏನೋ ಕುಸಿದ ಹಾಗೆ ಆಗ್ತಿತ್ತು. ಚಿಕ್ಕಪ್ಪ ಧೈರ್ಯದ ಮಾತು ಒಂದೂ ಹೇಳ್ಲಿಲ್ಲ. ಚೀಲದಿಂದ ಪುಸ್ತಕ ತೆಗೆದು 2008ರ ಸಿಡ್ನಿ ಟೆಸ್ಟ್ ಪುಟ ಬಿಡಿಸಿ ನನ್ನ ತೊಡೆ ಮೇಲೆ ಇಟ್ರು. ಆ ಇನ್ನಿಂಗ್ಸ್ ನೆನಪಿರೋರಿಗೆ ನೆನಪಿರುತ್ತೆ, ದ್ರಾವಿಡ್ ಫಾರ್ಮಲ್ಲಿ ಇಲ್ಲ, ತನ್ನದಲ್ಲದ ಓಪನಿಂಗ್ ಜಾಗಕ್ಕೆ ಕಳಿಸಿದ್ದಾರೆ, ಆ ಕಡೆ ಲಕ್ಷ್ಮಣ್ ಕೈ ಬೀಸಿದ್ರೆ ಫೋರು, ಈ ಕಡೆ ಇವನು 18ಕ್ಕೆ ನಿಂತುಬಿಟ್ಟಿದ್ದಾನೆ. 40 ಬಾಲ್ ಒಂದೂ ರನ್ ಇಲ್ಲ. ಕೊನೆಗೊಂದು ಸಿಂಗಲ್ ಬಂದಾಗ ಸಿಡ್ನಿ ಜನ ಎಲ್ಲಾ ಸೇರಿ ಚಪ್ಪಾಳೆ ಹೊಡೆದ್ರು, ಅವನು ಬ್ಯಾಟ್ ಎತ್ತಿ ತೋರಿಸಿದ.

ಚಿಕ್ಕಪ್ಪ ನನ್ನ ಬೆರಳು ಹಿಡಿದು ಮೊದಲನೇ ಚುಕ್ಕಿ ಮೇಲೆ ಇಟ್ರು. "ಎಣಿಸು" ಅಂದ್ರು. ನಾನು ಎಣಿಸಿದೆ. ಒಂದು, ಎರಡು, ಮೂರು. ಬಾಗಿಲು ತೆಗೀತು, ನರ್ಸ್ ಹೊರಗೆ ಬಂದ್ರು, ನಮ್ಮ ಕಡೆ ನೋಡ್ದೆ ಹೋದ್ರು, ಲೆಕ್ಕ ತಪ್ಪಿತು. "ಮತ್ತೆ ಮೊದಲಿಂದ" ಅಂದ್ರು. ಎಷ್ಟು ಸಲ ಮೊದಲಿಂದ ಶುರು ಮಾಡಿದ್ವೋ. ಒಂದು ಹೊತ್ತಲ್ಲಿ ನನಗೆ ಅಳು ಬಂತು, ಜೋರಾಗೇ ಬಂತು, ಪೆನ್ಸಿಲ್ ಚುಕ್ಕಿಗಳ ಮೇಲೆ ಕಣ್ಣೀರು ಬಿದ್ದು ಆ ಪುಟದ ಮೂಲೆ ಇವತ್ತಿಗೂ ಉಬ್ಬಿಕೊಂಡಿದೆ. ಹದಿನೈದು ವರ್ಷ ಜೋಪಾನವಾಗಿ ಇಟ್ಟ ಪುಸ್ತಕ, ಒರೆಸಕ್ಕೂ ಹೋಗ್ಲಿಲ್ಲ ಅವರು. ಆ ಚುಕ್ಕಿಗಳನ್ನ ಬರೆದ ಬೆಳಿಗ್ಗೆ ಕರೆಂಟ್ ಹೋಗಿ ಬಂದಿದ್ದು, ಅಪ್ಪ ಪಕ್ಕದಲ್ಲೇ ಕೂತು "ಒಂದು ರನ್ ತಗೊಳೋ ಮಾರಾಯ" ಅಂತ ಟೀವಿಗೆ ಬೈತಿದ್ದಿದ್ದು, ಅದನ್ನೆಲ್ಲ ಹೇಳ್ತಾ ಕೂತ್ರು. ಐದೂವರೆಗೆ ಡಾಕ್ಟರ್ ಬಂದಾಗ್ಲೂ ಚಿಕ್ಕಪ್ಪ ನನ್ನ ಪಕ್ಕ ಅದೇ ಕುರ್ಚಿಯಲ್ಲಿದ್ರು. ಅವರಿಗೂ ಅರವತ್ತೆಂಟು ವಯಸ್ಸು, ಒಳಗೆ ಮಲಗಿದ್ದೋರು ಅವರ ಸ್ವಂತ ಅಣ್ಣ. ಅವರಿಗೆ ಎಷ್ಟು ಭಯ ಆಗಿರ್ಬೇಕು ಅಂತ ನನಗೆ ಹೊಳೆದಿದ್ದು ಎಷ್ಟೋ ವಾರ ಆದ್ಮೇಲೆ. ಚಿಕ್ಕಪ್ಪ, ಅವತ್ತು ನಿಮ್ಮನ್ನ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅದು ಈಗ್ಲೂ ನನ್ನ ಎದೆಯಲ್ಲಿ ಚುಚ್ಚುತ್ತೆ.

ಅಲ್ಲಿಂದ ಆಚೆಗೆ ನಾನು ಬರೆದಿದ್ದೇ ಬೇರೆ ಥರ. ಮೊದಲು ರನ್ನು, ರೆಕಾರ್ಡು, ಸರಾಸರಿ 52.31 ಅಂತ ಬರೀತಿದ್ದೆ. 2001ರ ಕೋಲ್ಕತಾದ 180 ಅಧ್ಯಾಯ ಪೂರ್ತಿ ಹರಿದು ಹಾಕಿ ಮತ್ತೆ ಬರೆದೆ. ಮಾರ್ಚ್ 14ನೇ ತಾರೀಖು ಇಡೀ ದಿನ ಒಂದು ವಿಕೆಟ್ಟೂ ಬೀಳದೆ 335 ರನ್ ಬಂತು ಅನ್ನೋದು ಎಲ್ಲರಿಗೂ ಗೊತ್ತು, ಲಕ್ಷ್ಮಣ್ 281ರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬ್ಯಾಟಿಂಗ್ ಸರದಿಯಲ್ಲಿ ತನ್ನ ಮೂರನೇ ನಂಬರ್ ಲಕ್ಷ್ಮಣ್‌ಗೆ ಹೋಗಿ ತಾನು ಆರಕ್ಕೆ ಇಳಿದಿದ್ದ ಮನುಷ್ಯ ಆ ಕಡೆ ತುದಿಯಲ್ಲಿ ದಿನವಿಡೀ ಏನು ಮಾಡ್ತಿದ್ದ ಅಂತ ನಾನು ಬರೆದೆ. 2011ರಲ್ಲಿ ಇಂಗ್ಲೆಂಡ್ ವಿರುದ್ಧ ಲಂಡನ್ನಿನ ಓವಲ್ ಮೈದಾನದ ಟೆಸ್ಟ್ ಕೂಡ ಹಾಗೇ. ಓಪನಿಂಗ್ ಬಂದು ಕೊನೆವರೆಗೂ ಔಟಾಗದೆ 146, ಟೀಮ್ 300ಕ್ಕೆ ಆಲೌಟು, ಫಾಲೋ ಆನ್ ಅಂತ ತಕ್ಷಣ ಮತ್ತೆ ನಮ್ಮದೇ ಬ್ಯಾಟಿಂಗ್, ಸ್ವಲ್ಪ ಹೊತ್ತಲ್ಲೇ ಮತ್ತೆ ಪ್ಯಾಡ್ ಕಟ್ಕೊಂಡು ಓಪನಿಂಗ್ ಅದೇ ಮನುಷ್ಯ. ಆ ಸೀರೀಸ್ 4-0 ಸೋತ್ವಿ. ಸೋತ ಸೀರೀಸಲ್ಲಿ ಮೂರು ಸೆಂಚುರಿ ಹೊಡೆದವನನ್ನ ಜನ ಇವತ್ತಿಗೂ ಯಾಕೆ ಅಷ್ಟು ಗೌರವಿಸ್ತಾರೆ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಆ ಕಾರಿಡಾರಲ್ಲೇ ಇದೆ.

37ನೇ ಅಧ್ಯಾಯ ಚಿಕ್ಕಪ್ಪನ ಹಟ. ಸೆಂಚುರಿಗಳದ್ದೇ ಪುಸ್ತಕ ಮಾಡಿದ್ರೆ 2006ರ ಕಿಂಗ್‌ಸ್ಟನ್ ಬಿಟ್ಟುಹೋಗುತ್ತೆ, ಅದು ಅನ್ಯಾಯ ಅಂದ್ರು. ಯಾರಿಗೂ ನಿಲ್ಲಕ್ಕಾಗದ ಪಿಚ್ಚಲ್ಲಿ ಕ್ಯಾಪ್ಟನ್ ಆಗಿ 81 ಮತ್ತೆ 68, 49 ರನ್ನಿಂದ ಗೆದ್ದು 35 ವರ್ಷ ಆದ್ಮೇಲೆ ವೆಸ್ಟ್ ಇಂಡೀಸಲ್ಲಿ ಸೀರೀಸ್ ಗೆದ್ದಿದ್ದು. ಅವರು ಹೇಳಿದ್ದು ಸರಿ, ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅದೇ ಒಳ್ಳೇ ಅಧ್ಯಾಯ.

ಇವತ್ತು ಬೆಳಿಗ್ಗೆ ಚಿಕ್ಕಪ್ಪ ಬಂದು ಅಪ್ಪನ ಮಂಚದ ಪಕ್ಕ ಕುರ್ಚಿ ಎಳ್ಕೊಂಡು ಅದನ್ನೇ ಜೋರಾಗಿ ಓದಿದ್ರು. ಅಪ್ಪನಿಗೆ ಮಾತು ಇನ್ನೂ ಪೂರ್ತಿ ಬಂದಿಲ್ಲ, ಕೇಳಿಸ್ಕೋತಾರೆ. ಓದ್ತಾ ಓದ್ತಾ ಒಂದು ಸಾಲಲ್ಲಿ ಚಿಕ್ಕಪ್ಪ ನಿಲ್ಸಿದ್ರು. 68 ಇರಬೇಕಾದ ಕಡೆ 86 ಅಂತ ಪ್ರಿಂಟ್ ಆಗಿದೆ. ಜೇಬಿಂದ ಪೆನ್ಸಿಲ್ ತೆಗೆದು ತಿದ್ದಿ, ಅಪ್ಪನಿಗೆ ತೋರಿಸಿ, ಅಪ್ಪ ತಲೆ ಆಡಿಸಿದ್ಮೇಲೆ ಮುಂದಕ್ಕೆ ಓದಿದ್ರು. ಆಮೇಲೆ ಎದ್ದು ಹೋಗುವಾಗ ಆ ಪೆನ್ಸಿಲ್ ನನ್ನ ಕೈಗೆ ಕೊಟ್ಟು ಹೋದ್ರು.

ಮೇಲಿನ ಬಾಕ್ಸ್ ಪೂರ್ತಿ ತಿದ್ದಿ ಆಯ್ತು. ಇನ್ನೊಂದು ಬಾಕ್ಸನ್ನ ಇವತ್ತು ರಾತ್ರಿಯೊಳಗೆ ಮುಗಿಸ್ತೀನಿ, ನಾಳೆಯಿಂದ ಎಲ್ಲರಿಗೂ ಕಳಿಸ್ತೀನಿ.